ನಿದಾನಕ್ಕೂ ನಿಧಾನ ಬೇಕು

ರೋಗದ ಮೂಲವನ್ನು ಕಂಡುಹಿಡಿಯುವ ವಿದ್ಯೆಗೆ ಆಯುರ್ವೇದದಲ್ಲಿ ‘ನಿದಾನ’ವೆಂದು ಹೆಸರು. ನಡುವಿನ ದಕಾರವನ್ನು ಮಹಾಪ್ರಾಣ ಮಾಡಿದರೆ ಅದೇ ಮಾತು ‘ನಿಧಾನ’ವಾಗುತ್ತದೆ. ಎರಡಕ್ಕೂ ಧಾತು ಬೇರೆ, ಅರ್ಥ ಬೇರೆ. ಆದರೂ ಒಂದನ್ನು ಬಿಟ್ಟು ಇನ್ನೊಂದು ಸಾಗದಂಥ ಸಂದರ್ಭಗಳುಂಟು. ರಿಪೇರಿ ಅಂಗಡಿಯಿಂದ ಮನೆಗೆ ಬಂದ ಮೋಟಾರು ಗಾಡಿ ಮರುದಿನ ಬೆಳಗ್ಗೆ ಕೆಮ್ಮತೊಡಗಿದಾಗ ಗೃಹಸ್ಥನಿಗೆ ಒದಗುವ ಸಂದರ್ಭ ಅಂಥದು.

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಕಾಣಬಹುದಾದ ಒಂದು ಸಂಸಾರವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಎಂಟು ವರ್ಷದ ಪೆಟ್ರೋಲು ಕಾರು. ಭಾನುವಾರ ಹಾಸನದಲ್ಲಿ ಮದುವೆ. ದೂರದ ಪ್ರಯಾಣವೆಂದು ಯಜಮಾನರು ಶುಕ್ರವಾರವೇ ಗಾಡಿಯನ್ನು ಅಂಗಡಿಗೆ ಬಿಟ್ಟು, ಎಣ್ಣೆ ಬದಲಾಯಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನೂ ಗಾಳಿಯ ಫಿಲ್ಟರನ್ನೂ ಹೊಸದು ಹಾಕಿಸಿ ತಂದಿದ್ದಾರೆ. ಶನಿವಾರ ಬೆಳಗ್ಗೆ ಕೀಲಿ ತಿರುಗಿಸಿದರೆ ಇಂಜಿನು ಚಳಿಜ್ವರ ಬಂದವರಂತೆ ನಡುಗುತ್ತದೆ. ಎದುರಿನ ಫಲಕದಲ್ಲಿ ಹಳದಿಯ ದೀಪವೊಂದು ಹೊತ್ತಿಕೊಂಡದ್ದು ಆರುವುದೇ ಇಲ್ಲ. “ಚೆನ್ನಾಗಿದ್ದ ಗಾಡಿಯನ್ನು ಅವನ ಕೈಗೆ ಕೊಟ್ಟು ಕೆಡಿಸಿಕೊಂಡಿರಿ” ಎನ್ನುತ್ತಾರೆ ಮನೆಯಾಕೆ. “ಹಳೆಯದಾಯಿತು, ಮಾರಿಬಿಡಣ್ಣ” ಎಂದು ತಮ್ಮನ ಸಲಹೆ. ಯಜಮಾನರ ಮನಸ್ಸು ಆಗಲೇ ಇನ್ನೊಂದು ಅಂಗಡಿಯ ಕಡೆಗೆ ಓಡಿದೆ.

ಈ ಗಳಿಗೆಯಲ್ಲಿ ತೀರ್ಮಾನವಾಗುವುದು ಗಾಡಿಯ ಪ್ರಶ್ನೆಯೊಂದೇ ಅಲ್ಲ. ತಿಂಗಳ ಲೆಕ್ಕಕ್ಕೆ ಸೇರಿರದ ಸಾವಿರಾರು ರೂಪಾಯಿ, ಬಹುಕಾಲ ನಂಬಿದ ಕೆಲಸಗಾರನೊಬ್ಬನ ಹೆಸರು, ಎರಡೂ ತಕ್ಕಡಿಯಲ್ಲಿವೆ. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸರಿಹೋದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಕೆಡವಿತೆನ್ನಲಾಗದೆಂಬುದು ಕಾಕತಾಳೀಯ ನ್ಯಾಯ. ಎಂಟು ವರ್ಷ ದುಡಿದ ಭಾಗವೊಂದು ರಿಪೇರಿಯ ಮರುದಿನವೇ ತನ್ನಷ್ಟಕ್ಕೆ ತಾನು ಸವೆದು ಸಾಯಬಹುದು. ಆದರೆ ಎಲ್ಲವನ್ನೂ ಕಾಕತಾಳೀಯವೆಂದು ತಳ್ಳಿಹಾಕುವುದೂ ಜಾಣತನವಲ್ಲ. ಇಲ್ಲಿ ಕಾಗೆಯ ಕಾಲು ನಿಜವಾಗಿಯೂ ಆ ಗೊಂಚಲಿನ ಮೇಲೆ ಬಿದ್ದಿದೆ. ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆ ‘ಏನು ಕೆಟ್ಟಿದೆ?’ ಎಂಬುದಲ್ಲ; ‘ಯಾವುದನ್ನು ಮುಟ್ಟಿದರು?’ ಎಂಬುದು. ದೋಷ ಅಲ್ಲಿಯೇ ಸಿಕ್ಕಿದರೆ ಮದ್ದು ಬಹುಪಾಲು ಅಗ್ಗದ್ದು. ಸಿಕ್ಕದಿದ್ದರೆ ಕೆಲಸಗಾರ ನಿರಪರಾಧಿಯೆಂದು ಧೈರ್ಯವಾಗಿ ಹೇಳಬಹುದು.

ಪೆಟ್ರೋಲು ಇಂಜಿನಿನ ಬೇಡಿಕೆಗಳು ಹೆಚ್ಚಿಲ್ಲ: ತಕ್ಕಷ್ಟು ಗಾಳಿ, ತಕ್ಕಷ್ಟು ಪೆಟ್ರೋಲು, ಬಿಗಿಯಾದ ಒತ್ತಡ, ಸಕಾಲಕ್ಕೆ ಒಂದು ಕಿಡಿ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಾಲ್ಕು ಹೊಡೆತಗಳ ಇಂಜಿನನ್ನು ನಿರ್ಮಿಸಿದ ಮೇಲೆ ಎಷ್ಟೋ ಸುಧಾರಣೆಗಳಾದರೂ ಗಾಳಿಯನ್ನು ಒಳಗೆಳೆದು, ಅದುಮಿ, ಉರಿಸಿ, ಹೊರಗೆ ತಳ್ಳುವ ಕ್ರಮ ಅದೇ ಆಗಿದೆ. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಡಿ ನಿಂತಿದ್ದು ಇಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಂದರಂತೆ, ಪ್ರತಿಯೊಂದು ಸಿಲಿಂಡರಿನಲ್ಲಿಯೂ 400 ಸಲ ಉರಿ ಹೊತ್ತಬೇಕು. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ತಪ್ಪಿಸಿದರೆ ದೇವರೇ ಕುಲುಕುವಂತೆ, ನಾಲ್ಕರಲ್ಲಿ ಒಂದು ಸಿಲಿಂಡರು ತಪ್ಪಿದರೂ ಗಾಡಿಯೆಲ್ಲ ಅಲುಗುತ್ತದೆ. ನೋಡಿದವರಿಗೆ ಇಂಜಿನೇ ಹಾಳಾದಂತೆ ತೋರುತ್ತದೆ. ಕಾರಣ ಮಾತ್ರ ಸರಿಯಾಗಿ ಕೂಡದ ಒಂದು ತಂತಿಯ ಕೊಂಡಿಯಿರಬಹುದು.

ಈಗಿನ ಅನೇಕ ಕಾರುಗಳಲ್ಲಿ ಪ್ರತಿಯೊಂದು ಪ್ಲಗ್ಗಿನ ತಲೆಯ ಮೇಲೂ ಕಿಡಿಗೆ ಬೇಕಾದ ವಿದ್ಯುತ್ತನ್ನು ಒದಗಿಸುವ ಕಾಯಿಲ್ ಒಂದು ಕುಳಿತಿರುತ್ತದೆ. ಪ್ಲಗ್ಗನ್ನು ಬದಲಾಯಿಸಬೇಕಾದರೆ ಮೊದಲು ಕಾಯಿಲಿನ ಕೊಂಡಿಯನ್ನು ಬಿಡಿಸಿ, ಅದನ್ನು ಮೇಲಕ್ಕೆ ಎತ್ತಬೇಕು. ಮರಳಿ ಸಿಕ್ಕಿಸುವಾಗ ಕೊಂಡಿ ‘ಟಿಕ್’ ಎಂದು ಕೂಡದಿದ್ದರೆ ಆ ದಿನ ಸರಿಯಿದ್ದು ಮರುದಿನ ಸಡಿಲಾಗಬಹುದು. ಹೊಸ ಪ್ಲಗ್ಗು ಕೈಜಾರಿ ಬಿದ್ದು ಅದರ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಕಿಡಿ ತನ್ನ ದಾರಿಯನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ.

ಹಳದಿಯ ದೀಪ ಹೊತ್ತಿತೆಂದರೆ ಗಾಡಿಯೊಳಗಿನ ಗಣಕಯಂತ್ರ ಒಂದು ದೂರನ್ನು ಬರೆದಿಟ್ಟಿದೆ ಎಂದು ಅರ್ಥ. ಚಾಲಕನ ಮೊಣಕಾಲಿನ ಬಳಿ, ಫಲಕದ ಕೆಳಗಿರುವ ಕಂಡಿಗೆ ಓದುವ ಉಪಕರಣವನ್ನು ಸಿಕ್ಕಿಸಿದರೆ ಆ ದೂರು ಅಂಕೆಗಳಲ್ಲಿ ಕಾಣುತ್ತದೆ. ಪಿ 0302 ಎಂದಿದ್ದರೆ ಎರಡನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ. ಪಿ 0171 ಎಂದಿದ್ದರೆ ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲ. ಇಲ್ಲಿಯೇ ಅನೇಕರು ಎಡವುವುದು. ಅಂಕೆ ಹೇಳುವುದು ಅಪರಾಧ ನಡೆದ ಮನೆಯ ವಿಳಾಸವನ್ನೇ ಹೊರತು ಅಪರಾಧಿಯ ಹೆಸರನ್ನಲ್ಲ. ಎರಡನೆಯ ಸಿಲಿಂಡರಿನಲ್ಲಿ ಉರಿ ತಪ್ಪಲು ಪ್ಲಗ್ಗು, ಕಾಯಿಲ್, ಕೊಂಡಿ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು, ಕವಾಟ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಅಂಕೆಯನ್ನು ನೋಡಿದೊಡನೆ ಒಂದೊಂದಾಗಿ ಹೊಸ ಭಾಗಗಳನ್ನು ಕೊಳ್ಳುತ್ತ ಹೋಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಕಾಸಿಲ್ಲದೆ ಮಾಡಬಹುದಾದ ಪರೀಕ್ಷೆಯೊಂದುಂಟು. ಇಂಜಿನು ಆರಿದ ಮೇಲೆ ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಅದಲುಬದಲು ಮಾಡಿ, ಹಳೆಯ ದೂರನ್ನು ಅಳಿಸಿ, ಗಾಡಿಯನ್ನು ಮತ್ತೆ ನಡೆಸಬೇಕು. ಈಗ ದೂರು ಪಿ 0303 ಎಂದು ಬದಲಾದರೆ ರೋಗ ಕಾಯಿಲಿನ ಜೊತೆಯಲ್ಲಿ ಪ್ರಯಾಣ ಮಾಡಿತೆಂದಾಯಿತು; ಕಾಯಿಲೇ ದೋಷಿ. ಪಿ 0302 ಆಗಿಯೇ ಉಳಿದರೆ ಕಾಯಿಲ್ ನಿರ್ದೋಷಿ. ಆಗ ಪ್ಲಗ್ಗುಗಳನ್ನು ಹಾಗೆಯೇ ಬದಲಿಸಿ ನೋಡಬೇಕು. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಒಮ್ಮೆಗೆ ಮೂರನ್ನು ಬದಲಾಯಿಸಿದರೆ ಗಾಡಿ ಗುಣವಾದರೂ ಕಾರಣ ತಿಳಿಯದು, ಮೂರರ ಬೆಲೆಯಂತೂ ತಪ್ಪದು.

ಗಾಳಿಯ ದೂರಿಗೂ ಇದೇ ನ್ಯಾಯ. ಗಾಳಿಯನ್ನು ಅಳೆಯುವ ಮಾಪಕವನ್ನು ಕೊಳವೆಯಲ್ಲಿಯೇ ಇಟ್ಟಿರುವ ಗಾಡಿಗಳಲ್ಲಿ, ಫಿಲ್ಟರು ಹಾಕಿದವನು ಮಾಪಕದ ಮುಂದಿನ ರಬ್ಬರು ಕೊಳವೆಯ ಪಟ್ಟಿಯನ್ನು ಬಿಗಿಯಲು ಮರೆತರೆ, ಲೆಕ್ಕಕ್ಕೆ ಸಿಕ್ಕದ ಗಾಳಿ ಒಳನುಗ್ಗುತ್ತದೆ. ಗಣಕಯಂತ್ರ ಅಳೆದ ಗಾಳಿಗಷ್ಟೇ ಪೆಟ್ರೋಲನ್ನು ಹಾಕುವುದರಿಂದ ಮಿಶ್ರಣ ತೆಳುವಾಗುತ್ತದೆ. ಇಂಜಿನು ತಿರುಗುತ್ತಿರುವಾಗ ಹಾವು ಬುಸುಗುಟ್ಟಿದಂಥ ಸದ್ದು ಕೇಳಿದರೆ ಮೊದಲು ಆ ಕೊಳವೆಯನ್ನು ನೋಡತಕ್ಕದ್ದು. ತಿರುಪುಳಿಯ ಎರಡು ಸುತ್ತಿನಲ್ಲಿ ಮುಗಿಯುವ ಚಿಕಿತ್ಸೆ ಅದು. ಇನ್ನು, ರಿಪೇರಿಗಾಗಿ ಬ್ಯಾಟರಿಯ ತಂತಿಯನ್ನು ಬಿಡಿಸಿದ್ದರೆ ಗಣಕಯಂತ್ರ ತಾನು ಕಲಿತಿದ್ದ ಸೂಕ್ಷ್ಮಗಳನ್ನು ಮರೆತಿರುವುದುಂಟು. ಆಗ ಸ್ವಲ್ಪ ಕಾಲ ಇಂಜಿನಿನ ಓಟ ಏರುಪೇರಾಗಬಹುದು. ಕೆಲವು ಪ್ರಯಾಣಗಳಲ್ಲಿ ಅದು ಮತ್ತೆ ಕಲಿತುಕೊಳ್ಳುತ್ತದೆ.

ಆದರೆ ತಾಳ್ಮೆ ಸಲ್ಲದ ಲಕ್ಷಣಗಳೂ ಇವೆ. ಹಳದಿಯ ದೀಪ ಸುಮ್ಮನೆ ಹೊತ್ತಿರದೆ ಮಿನುಗತೊಡಗಿದರೆ, ಉರಿಯದ ಪೆಟ್ರೋಲು ಹೊಗೆಯನ್ನು ಶುದ್ಧಿಮಾಡುವ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದು ತಿಳಿಯಬೇಕು. ಪ್ಲಾಟಿನಮ್ಮಿನಂಥ ದುಬಾರಿ ಲೋಹಗಳಿರುವ ಆ ಭಾಗ ಕರಗಿ ಕೆಟ್ಟರೆ, ಸಣ್ಣ ಕೊಂಡಿಯ ತಪ್ಪಿಗೆ ದೊಡ್ಡ ದಂಡ ತೆತ್ತಂತಾಗುತ್ತದೆ. ಎಣ್ಣೆಯ ಕೆಂಪು ದೀಪ ಹೊತ್ತಿದರಂತೂ ಮುಂದಿನ ಪೆಟ್ರೋಲು ಬಂಕಿನವರೆಗೂ ಹೋಗಬಾರದು. ಎಣ್ಣೆ ಬದಲಾಯಿಸಿದವನು ಕೆಳಗಿನ ಬೋಲ್ಟನ್ನೋ ಫಿಲ್ಟರನ್ನೋ ಸಡಿಲ ಬಿಟ್ಟಿದ್ದರೆ ಎಣ್ಣೆಯೆಲ್ಲ ರಸ್ತೆಗೆ ಸುರಿದು, ಇಂಜಿನು ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಂಡೀತು. ಕಾವಿನ ಮುಳ್ಳು ಕೆಂಪಿಗೇರಿದರೂ ನಿಲ್ಲಿಸಲೇಬೇಕು. ಬಿಸಿ ಆರುವ ತನಕ ರೇಡಿಯೇಟರಿನ ಮುಚ್ಚಳಕ್ಕೆ ಕೈಹಚ್ಚಬಾರದು.

ಉಳಿದ ಸಂದರ್ಭಗಳಲ್ಲಿ ಮೊದಲು ಹೋಗಬೇಕಾದುದು ಅದೇ ಅಂಗಡಿಗೆ. ಏನನ್ನು ಕಳಚಿದೆ, ಏನನ್ನು ಜೋಡಿಸಿದೆ ಎಂಬುದನ್ನು ಬಲ್ಲವನು ಅವನೇ. ಎರಡನೆಯ ಅಂಗಡಿಯವನು ಬೇರೆ ಭಾಗಗಳನ್ನು ಬಿಚ್ಚಿದ ಮೇಲೆ ಯಾವ ಕೈಯ ತಪ್ಪು ಯಾವುದೆಂದು ಬ್ರಹ್ಮನಿಗೂ ಹೇಳಲಾಗದು. “ಗಾಡಿ ಕೆಡಿಸಿಬಿಟ್ಟೆಯಲ್ಲಪ್ಪ” ಎಂದು ಆರಂಭಿಸಿದರೆ ಎದುರಿನವನ ಬುದ್ಧಿಯೆಲ್ಲ ತನ್ನನ್ನು ಕಾಪಾಡಿಕೊಳ್ಳುವುದರಲ್ಲಿಯೇ ವ್ಯಯವಾಗುತ್ತದೆ. “ನೋಡಪ್ಪ, ನಿನ್ನೆ ಸಂಜೆ ಸರಿಯಿತ್ತು, ಬೆಳಗ್ಗೆ ತಣ್ಣಗಿದ್ದಾಗ ನಡುಗುತ್ತಿದೆ, ಬಿಸಿಯಾದ ಮೇಲೂ ನಿಲ್ಲುತ್ತಿಲ್ಲ. ಯಾವ ಯಾವುದನ್ನು ಬಿಚ್ಚಿದೆ, ಒಂದು ಸಲ ನೋಡೋಣ” ಎಂದರೆ ಅವನ ಕೈ ತಾನಾಗಿಯೇ ಕೊಂಡಿಯ ಕಡೆಗೆ ಹೋಗುತ್ತದೆ. ಬಿಲ್ಲನ್ನೂ, ಬದಲಾಯಿಸಿದ ಹಳೆಯ ಭಾಗಗಳನ್ನೂ ಕೇಳಿ ಇಟ್ಟುಕೊಂಡಿದ್ದರೆ ವಾದಕ್ಕೆ ಎಡೆಯೇ ಇರದು.

ಕೊಂಡಿ ಸಡಿಲಿದ್ದುದೇ ನಿಜವಾದರೆ ಒಳ್ಳೆಯ ಕೆಲಸಗಾರ ಅದನ್ನು ಬಿಗಿದು ಹಣ ಕೇಳದೆ ಕಳುಹಿಸುತ್ತಾನೆ. ಕೊಂಡಿ ಭದ್ರವಾಗಿದ್ದು, ಎಂಟು ವರ್ಷದ ಕಾಯಿಲ್ ಅಂದೇ ಪ್ರಾಣ ಬಿಟ್ಟಿತೆಂದು ಪರೀಕ್ಷೆಯಿಂದ ಸಿದ್ಧವಾದರೆ, ಹೊಸ ಕಾಯಿಲಿನ ಬೆಲೆಯನ್ನೂ ಅವನು ಪರೀಕ್ಷೆಗಾಗಿ ಕಳೆದ ಹೊತ್ತಿನ ಕೂಲಿಯನ್ನೂ ಗೊಣಗದೆ ಕೊಡುವುದು ಗೃಹಸ್ಥನ ಪಾಲಿನ ಧರ್ಮ.