ಎರಡು ಹಳೇ ಗಾಡಿ, ಒಂದೇ ಬಟವಾಡೆ

ಹುನಗುಂದ ತಾಲ್ಲೂಕಿನ ಒಂದು ಊರಿನಲ್ಲಿ ಕೆಚ್ಚಲು ಬಾವು ಬಂದ ಆಕಳಿಗೆ ಔಷಧ ಕೊಟ್ಟು ಕೈ ತೊಳೆಯುತ್ತಿದ್ದೆ. ನೀರು ಹಾಕುತ್ತಿದ್ದ ಮನೆಯ ತಾಯಿ ಮೆಲ್ಲಗೆ ಕೇಳಿದರು: “ಡಾಕ್ಟರ್ ಅಕ್ಕಾರ, ಒಂದ ಮಾರಬೇಕಂತ ಮಾಡೇವ್ರಿ. ಎರಡರಾಗ ಯಾವ್ದ ಇಟ್ಕೊಳ್ಳೂದು ಹೇಳ್ರಿ.”

ನಾನು ಕೊಟ್ಟಿಗೆ ಕಡೆ ತಿರುಗಿ, ಎಡಗಡೆ ಕಟ್ಟಿದ್ದ ಆಕಳು ಇನ್ನೆರಡು ಸೂಲು ಚೆನ್ನಾಗಿ ಹಿಂಡುತ್ತದೆ ಎಂದು ಹೇಳತೊಡಗಿದೆ. ಅವರು ನಕ್ಕು ಬೇವಿನ ಮರದ ಕಡೆ ಕೈ ಮಾಡಿದರು. ಮರದ ಕೆಳಗೆ ಎರಡು ಗಾಡಿ ನಿಂತಿದ್ದವು. ಒಂದು ಹಳೇ ವ್ಯಾನು, ಇನ್ನೊಂದು ಎರಡು ವರ್ಷದ ಹಿಂದೆ ದಲ್ಲಾಳಿಯ ಕೈಯಿಂದ ಕೊಂಡ ಡೀಸೆಲ್ ಕಾರು. ವ್ಯಾನಿನ ಮೇಲೆ ಕೋಳಿ ಕೂತಿತ್ತು.

ನನಗೆ ನಗು ಬರಲಿಲ್ಲ. ನಮ್ಮ ಮನೆ ಮುಂದೆಯೂ ಹಾಗೇ ಎರಡು ನಿಂತಿದ್ದವು, ಒಂದು ವರ್ಷದಿಂದ ನಾವೂ ಇದೇ ಮಾತು ಆಡುತ್ತಿದ್ದೆವು.

ನಮ್ಮದೂ ಹೇಳಿಬಿಡುತ್ತೇನೆ. ಅಪ್ಪ ಕೊಟ್ಟ ಸಣ್ಣ ಪೆಟ್ರೋಲ್ ಕಾರು 2008ರದ್ದು. ನನ್ನವರು ಸೆಕೆಂಡ್ ಹ್ಯಾಂಡ್ ಕೊಂಡ ಡೀಸೆಲ್ ಕಾರು 2011ರದ್ದು. ಹಗಲು ರೂಟಿಗೆ ಒಕ್ಕೂಟದ ಗಾಡಿ ಇರುತ್ತದೆ, ರಾತ್ರಿ ಫೋನು ಬಂದರೆ ನಮ್ಮದೇ ಗಾಡಿ. ಎರಡಿದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ ಎನ್ನುವುದು ನಮ್ಮ ಲೆಕ್ಕವಾಗಿತ್ತು.

ಒಂದು ರಾತ್ರಿ ಅಮೀನಗಡದ ಆಚೆಯ ಹಳ್ಳಿಯಿಂದ ಕರೆ ಬಂತು. ಎಮ್ಮೆಗೆ ಕರು ಅಡ್ಡ ಸಿಕ್ಕಿತ್ತು. ಪೆಟ್ರೋಲ್ ಕಾರು ಮೂರು ವಾರ ನಿಂತಲ್ಲೇ ನಿಂತು ಬ್ಯಾಟರಿ ಸತ್ತಿತ್ತು. ಡೀಸೆಲ್ ಕಾರು ಹೊರಟಿತು, ಅಮೀನಗಡ ಇನ್ನೂ ಮುಟ್ಟುವ ಮೊದಲೇ ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತು. ಆ ಮನೆಯ ಹುಡುಗ ಬೈಕ್ ತಂದು ನನ್ನನ್ನು ಕರೆದುಕೊಂಡು ಹೋದ. ಒಂದೂವರೆ ತಾಸು ತಡವಾಗಿತ್ತು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣುಗರು. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ, ಚಹಾ ಮಾಡಿ ಕೊಟ್ಟರು.

ಅವತ್ತು ತಿಳಿಯಿತು, ಎರಡು ಹಳೇ ಗಾಡಿ ಇಟ್ಟುಕೊಂಡರೆ ಒಂದಕ್ಕೊಂದು ಆಸರೆ ಆಗುವುದಿಲ್ಲ. ಆಯಿಲ್ ಬದಲಿಸುವ ಹಣ ಎರಡಕ್ಕೂ ಸಾಲುವುದಿಲ್ಲ, ಹಾಗಾಗಿ ಎರಡಕ್ಕೂ ಆಗುವುದಿಲ್ಲ. ಓಡದೆ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ಟೈರು ಬಿರುಕು ಬಿಡುತ್ತದೆ. ಹಿಂಡಿ ಚೀಲದ ಪಕ್ಕ ನಿಲ್ಲಿಸಿದರಂತೂ ಇಲಿಗಳು ಮೊದಲು ಹಿಂಡಿ ತಿಂದು ಆಮೇಲೆ ವೈರು ಕಡಿಯುತ್ತವೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಒಂದನ್ನು ಇಟ್ಟುಕೊಳ್ಳಿ, ಅದನ್ನು ಸರಿಯಾಗಿ ಇಟ್ಟುಕೊಳ್ಳಿ. ಯಾವುದನ್ನು ಎಂಬ ತೀರ್ಮಾನ ಮಾಡುವಾಗ ಹಾಲಿನ ಬಟವಾಡೆ ಯಾರ ಖಾತೆಗೆ ಬರುತ್ತದೋ ಅವರೂ ಕೂತಿರಬೇಕು.

ಗಾಡಿ ವಿಷಯ ಗಂಡಸರದ್ದು ಎಂದು ನೀವು ಎದ್ದು ಒಳಗೆ ಹೋಗುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಕ್ಲಚ್ ಪ್ಲೇಟ್ ಹಾಕಿಸಿದ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ “ಹಾಲಿನ ರೊಕ್ಕದಾಗ” ಎನ್ನುತ್ತೀರಿ. ಆಕಳಿನ ಲೆಕ್ಕ ನಿಮಗೆ ಬಾಯಿಪಾಠ: ಎಷ್ಟು ಲೀಟರು, ಜಿಡ್ಡು ಎಷ್ಟು, ಹಿಂಡಿ ಎಷ್ಟು ತಿಂತು, ಎಷ್ಟು ಸಲ ಇಂಜೆಕ್ಷನ್ ಮಾಡಿಸಿದರೂ ಕಟ್ಟಲಿಲ್ಲ. ಗಾಡಿಗೆ ಬೇಕಾದದ್ದೂ ಇದೇ ಲೆಕ್ಕ.

ನಾನು ಸಂಘದ ಹಳೇ ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲೇ ಬರೆದೆ. ಹೋದ ವರ್ಷ ರಿಪೇರಿಗೆ ಡೀಸೆಲ್ ಕಾರು ತಿಂದದ್ದು 41,000 ರೂಪಾಯಿ, ಪೆಟ್ರೋಲ್ ಕಾರು 14,500. ಅಂತರ 26,500. “ಡೀಸೆಲ್ ಅಗ್ಗ, ಮೈಲೇಜು ಜಾಸ್ತಿ” ಎನ್ನುವುದು ನನ್ನವರ ವಾದ, ಅದೂ ಸುಳ್ಳಲ್ಲ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿದು, ಗಾಡಿ 15 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರಿಗೆ ಸುಮಾರು 6 ರೂಪಾಯಿ 87 ಪೈಸೆ. ಡೀಸೆಲ್ 91 ರೂಪಾಯಿ, 18 ಕಿಲೋಮೀಟರ್ ಕೊಟ್ಟರೆ 5 ರೂಪಾಯಿ 6 ಪೈಸೆ. ಕಿಲೋಮೀಟರಿಗೆ 1 ರೂಪಾಯಿ 80 ಪೈಸೆ ಉಳಿತಾಯ. ನಾವು ತಿಂಗಳಿಗೆ ಓಡಿಸುವುದು 600 ಕಿಲೋಮೀಟರ್. ವರ್ಷಕ್ಕೆ ಉಳಿಯುವುದು 13,000. ರಿಪೇರಿಯಲ್ಲಿ ಹೋಗುವುದು ಅದರ ಎರಡು ಪಟ್ಟು. ತಿಂಗಳಿಗೆ 1,200 ಕಿಲೋಮೀಟರಿಗಿಂತ ಹೆಚ್ಚು ಓಡಿಸುವವರಿಗೆ ಇದೇ ಲೆಕ್ಕ ತಿರುಗಿ ಡೀಸೆಲ್ ಕಡೆ ವಾಲುತ್ತದೆ. ಅದಕ್ಕೇ ಪಕ್ಕದ ಮನೆಯವರು ಯಾವುದು ಇಟ್ಟುಕೊಂಡರು ಎಂದು ನೋಡಿ ಉಪಯೋಗವಿಲ್ಲ, ನಿಮ್ಮ ಮೀಟರ್ ನೋಡಿ.

ಕಾಗದಪತ್ರದ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000 ಮಾಡಿದ್ದಾರೆ. ಇದರ ಮೇಲೆ ಹಸಿರು ತೆರಿಗೆ, ಫಿಟ್‌ನೆಸ್‌ಗೆ ಮೊದಲು ಮಾಡಿಸುವ ಬ್ರೇಕು, ಲೈಟು, ಬಣ್ಣದ ಖರ್ಚು. ನನ್ನ ಪೆಟ್ರೋಲ್ ಕಾರಿಗೆ 2023ರಲ್ಲಿ ನವೀಕರಣ ಆಗಿದೆ, 2028ರವರೆಗೆ ಚಿಂತೆಯಿಲ್ಲ. ಡೀಸೆಲ್ ಕಾರಿನ ಗಡುವು 2026. ವಿಮೆಯೂ ಎರಡು ಪಟ್ಟು. ಬೇರೆಯವರಿಗೆ ಹಾನಿಯಾದರೆ ತುಂಬಿಕೊಡುವ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸಾವಿರ ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094, ಅದರ ಮೇಲೆ ಒಂದೂವರೆ ಸಾವಿರ ಸಿಸಿವರೆಗೆ 3,416, ತೆರಿಗೆ ಬೇರೆ. ಮರದ ಕೆಳಗೆ ಸುಮ್ಮನೆ ನಿಂತ ಗಾಡಿಯೂ ಇಷ್ಟು ತಿನ್ನುತ್ತದೆ. ಬತ್ತಿದ ಆಕಳಾದರೂ ಸೆಗಣಿ ಕೊಡುತ್ತದೆ.

ಇನ್ನೊಂದು ಮಾತು ಊರೂರಿನಲ್ಲಿ ಕೇಳುತ್ತಿದ್ದೇನೆ: “15 ವರ್ಷ ಆತಂದ್ರ ಸರಕಾರದವರು ಗಾಡಿ ಒಯ್ತಾರಂತ.” ಇದನ್ನು ಹೇಳಿಕೊಂಡೇ ದಲ್ಲಾಳಿಗಳು ಅರ್ಧ ಬೆಲೆಗೆ ಗಾಡಿ ಕೀಳುತ್ತಾರೆ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷದ ಮಿತಿಯ ಸುದ್ದಿ ದೆಹಲಿ ಸುತ್ತಮುತ್ತಲಿನದು. 15 ವರ್ಷ ದಾಟಿದ ಮೇಲೆ ನವೀಕರಣವಿಲ್ಲ ಎಂಬ 2023ರ ನಿಯಮ ಸರ್ಕಾರಿ ಗಾಡಿಗಳಿಗೆ. ಬಾಗಲಕೋಟೆಯಲ್ಲಿ ನಿಮ್ಮ ಸ್ವಂತ ಕಾರು ಫಿಟ್ ಇದ್ದರೆ, ಕಾಗದ ಸರಿ ಇದ್ದರೆ, ಓಡಿಸಬಹುದು. ಹೆದರಿ ಮಾರಬೇಡಿ.

ಗಾಡಿಯ ಮೈ ಪರೀಕ್ಷೆಗೆ ಬರೋಣ. ಬನಶಂಕರಿ ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡದೆ, ನಾಲ್ಕು ಹೆಜ್ಜೆ ನಡೆಸದೆ ಯಾರೂ ರೊಕ್ಕ ಎಣಿಸುವುದಿಲ್ಲ. ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿಸಿ ನೋಡಿ. ಬಿಸಿಯಾದ ಇಂಜಿನ್ ರೋಗ ಮುಚ್ಚಿಡುತ್ತದೆ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲು ಹಾಕಿದ ಚಹಾದಂತೆ ಕೆನೆಗಟ್ಟಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ಮುಂದೆ ಓಡಿಸಬೇಡಿ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಹಲ್ಲು ಸವೆಯದಿದ್ದರೂ ಟೈರಿಗೆ ವಯಸ್ಸಾಗುತ್ತದೆ. ಕೆಳಗೆ ಬಗ್ಗಿ ತಗಡು ನೋಡುವುದನ್ನು ಮರೆಯಬೇಡಿ. ಮಳೆಗಾಲದಲ್ಲಿ ನಮ್ಮ ಎರಿಮಣ್ಣು ಅಡಿಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ಹಸಿ ಹಿಡಿದಿಡುತ್ತದೆ, ಅಲ್ಲಿಂದಲೇ ತುಕ್ಕು. ಇಂಜಿನ್ ರಿಪೇರಿ ಮಾಡಬಹುದು, ತುಕ್ಕು ತಿಂದ ಚಾಸಿ ಮಾಡಿಸಲಾಗದು.

ಪೆಟ್ರೋಲ್ ಗಾಡಿಯವರಿಗೆ ಒಂದು ಎಚ್ಚರಿಕೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತದೆ. ಮುಧೋಳ, ಜಮಖಂಡಿ ಕಡೆಯ ಕಬ್ಬಿಗೆ ಅದರಿಂದ ಬೇಡಿಕೆ ಇದೆ, ಅದು ಸಂತೋಷವೇ. ಆದರೆ ಹಳೇ ಗಾಡಿಗಳ ರಬ್ಬರ್ ಪೈಪು, ವಾಷರುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಮೆಕ್ಯಾನಿಕ್‌ಗೆ ಹೇಳಿ ಪೆಟ್ರೋಲ್ ಪೈಪು ಬದಲಿಸಿಬಿಡಿ. ಗಾಡಿ ಪಕ್ಕ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಎನ್ನಬೇಡಿ.

ನನ್ನ ತೀರ್ಮಾನದಲ್ಲಿ ಹಣಕ್ಕಿಂತ ಹೆಚ್ಚು ತೂಗಿದ್ದು ರಿಪೇರಿ ಎಲ್ಲಿ ಆಗುತ್ತದೆ ಎನ್ನುವುದು. ಇಳಕಲ್‌ನಲ್ಲಿ ಗ್ರಾನೈಟ್ ಲಾರಿಗಳ ಕಾರಣಕ್ಕೆ ಡೀಸೆಲ್ ಮೇಸ್ತ್ರಿಗಳಿಗೆ ಕೊರತೆಯಿಲ್ಲ. ಆದರೆ ಈಚಿನ ಡೀಸೆಲ್ ಕಾರಿನ ಇಂಜೆಕ್ಟರ್ ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡಬೇಕು, ನಮ್ಮದನ್ನು ಹುಬ್ಬಳ್ಳಿಗೇ ಕಳಿಸಿದ್ದೆವು, ಹನ್ನೊಂದು ದಿನ ಬರಲಿಲ್ಲ. ಪೆಟ್ರೋಲ್ ಕಾರನ್ನು ಹುನಗುಂದದ ಬಸ್ ನಿಲ್ದಾಣದ ಹತ್ತಿರದ ಹುಡುಗ ಅರ್ಧ ತಾಸಿನಲ್ಲಿ ಬಿಚ್ಚಿ ಕೂಡಿಸುತ್ತಾನೆ. ಹೀಗಾಗಿ ವಯಸ್ಸಿನಲ್ಲಿ ದೊಡ್ಡದನ್ನೇ ಉಳಿಸಿಕೊಂಡೆ. ಡೀಸೆಲ್ ಕಾರು ನೋಡಲು ಚೆಂದ, ಏಸಿ ತಂಪು. ಅದನ್ನು ಕೊಟ್ಟಾಗ ನನ್ನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪನ ಕಾರೆಂಬ ಮೋಹದಿಂದ ಇಟ್ಟುಕೊಂಡಳು ಎಂದು ಈಗಲೂ ಅನ್ನುತ್ತಾರೆ. ಸ್ವಲ್ಪ ಅದೂ ಇರಬಹುದು.

ಕೆಲವು ಮನೆಗಳಿಗೆ ಎರಡೂ ಬೇಡ. ತಿಂಗಳಿಗೆ ಎರಡು ಸಲ ಬಾದಾಮಿ ಸಂತೆಗೋ ಬಾಗಲಕೋಟೆ ಆಸ್ಪತ್ರೆಗೋ ಹೋಗುವವರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಇದೆ, ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಹಿಂಡಿ ಚೀಲ ತರಲು ಬಾಡಿಗೆ ಗಾಡಿ ಸಾಕು. ಗಾಡಿ ಬೇಕಾಗುವುದು ರಾತ್ರಿಗೆ, ಹೆರಿಗೆ ನೋವಿಗೆ, ಮಾವನವರ ಎದೆನೋವಿಗೆ. ಆ ಹೊತ್ತಿನಲ್ಲಿ ಗಂಡಸರು ಊರಲ್ಲಿ ಇಲ್ಲದಿದ್ದರೆ? ಅದಕ್ಕೆ ಇಟ್ಟುಕೊಳ್ಳುವ ಗಾಡಿ ನೀವೂ ಓಡಿಸಬಲ್ಲ ಗಾಡಿಯಾಗಿರಲಿ. ಓಡಿಸಲು ಬರದಿದ್ದರೆ ಕಲಿಯಿರಿ. ಜಾಡಿಸಿ ಒದೆಯುವ ಎಮ್ಮೆ ಹಿಂಡುವವರಿಗೆ ಕ್ಲಚ್ಚು ದೊಡ್ಡದಲ್ಲ.

ಮಾರುವವರು ಒಂದು ತಪ್ಪು ಮಾತ್ರ ಮಾಡಬೇಡಿ. ರೊಕ್ಕ ಎಣಿಸಿಕೊಂಡು, ಖಾಲಿ ಫಾರ್ಮಿಗೆ ಸಹಿ ಹಾಕಿ, ಚಾವಿ ಕೊಟ್ಟು ಸುಮ್ಮನಾಗುತ್ತಾರೆ. ಆರ್‌ಸಿಯಲ್ಲಿ ನಿಮ್ಮ ಮನೆಯವರ ಹೆಸರು ಇರುವವರೆಗೆ ಕಾನೂನಿನ ಕಣ್ಣಿನಲ್ಲಿ ಮಾಲೀಕರು ಅವರೇ. ಗಾಡಿ ಕೈಯಿಂದ ಕೈಗೆ ನಾಲ್ಕು ಜನರಿಗೆ ಹೋದ ಮೇಲೆ ಅಪಘಾತವಾದ ಒಂದು ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು, ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದ ಮೊದಲಿನವರದ್ದೇ ಎಂದಿತು. ಆ ಗಾಡಿಗೆ ವಿಮೆ ಇರಲಿಲ್ಲ. ಅಂಥ ಪರಿಹಾರ ಕಟ್ಟಲು ಎಷ್ಟು ವರ್ಷದ ಬಟವಾಡೆ ಬೇಕು ಎಂದು ನೀವೇ ಲೆಕ್ಕ ಹಾಕಿ. ಫಾರ್ಮ್ 29, ಫಾರ್ಮ್ 30 ತುಂಬಿ, ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರ ಆಧಾರ್ ನಕಲು, ಫೋನ್ ನಂಬರು, ಕೊಟ್ಟ ದಿನ ಮತ್ತು ಹೊತ್ತು ಬರೆದ ಕಾಗದ ನಿಮ್ಮ ಹತ್ತಿರ ಇರಲಿ.

ಮೊನ್ನೆ ಅದೇ ಊರಿಗೆ ಗರ್ಭ ಪರೀಕ್ಷೆಗೆ ಹೋಗಿದ್ದೆ. ಬೇವಿನ ಮರದ ಕೆಳಗೆ ವ್ಯಾನು ಒಂದೇ ಇತ್ತು, ತೊಳೆದು ನಿಲ್ಲಿಸಿದ್ದರು. ಕಾರು ನಿಂತಿದ್ದ ಜಾಗದಲ್ಲಿ ಮೇವು ಕತ್ತರಿಸುವ ಯಂತ್ರ ಬಂದಿದೆ. “ಕಾರ್ ಮಾರಿದ ರೊಕ್ಕದಾಗ ತಂದೇವ್ರಿ,” ಎಂದರು ಆ ತಾಯಿ.

“ಹೆಸರು ಬದಲಿ ಆತೇನ್ರಿ?” ಎಂದು ಕೇಳಿದೆ.

“ಇನ್ನಾ ಇಲ್ರಿ ಅಕ್ಕಾರ. ಮಾಡ್ಸ್ತೇನಿ ಅಂದಾನ ತಗೊಂಡಾವ.”

ಮಾರಿ ಒಂಬತ್ತು ದಿನವಾಗಿತ್ತು. ಬರುವ ಸೋಮವಾರ ಬಾಗಲಕೋಟೆ ಬಸ್ಸಿಗೆ ಇಬ್ಬರೂ ಹೋಗುತ್ತಿದ್ದಾರೆ, ನವನಗರಕ್ಕೆ, ಆರ್‌ಟಿಒ ಕಚೇರಿಗೆ.