ಕಾರಿನ ಕೀ ತಿರುಗಿಸುವ ಮುನ್ನ

2005ರ ಜುಲೈ 26ರ ಮಂಗಳವಾರವನ್ನು ಮುಂಬಯಿಯ ತುಳು-ಕನ್ನಡಿಗರು ಮರೆಯುವಂತಿಲ್ಲ. ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾದರೆ, ಇದೇ ನಗರದ ಕೊಲಾಬಾದಲ್ಲಿ ಸುರಿದದ್ದು ಬರೇ 73 ಮಿಲಿಮೀಟರ್. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪರಿಸರದಲ್ಲಿ ಸೊಸೈಟಿಗಳ ಕಂಪೌಂಡಿನೊಳಗೆ ನಿಂತಿದ್ದ ಕಾರುಗಳೂ ಮುಳುಗಿದವು. ನೀರು ಇಳಿದ ಮೇಲೆ ಅನೇಕ ಮಾಲಕರು ಮಾಡಿದ ಮೊದಲ ಕೆಲಸವೆಂದರೆ ಬಾಗಿಲು ತೆರೆದು ಕೀ ತಿರುಗಿಸಿ ನೋಡಿದ್ದು. ಗಾಡಿ ಸರಿಯಿದೆಯೇ ಎಂಬ ಆತಂಕ ಸಹಜವೇ. ಆದರೆ ಮಳೆ ಮಾಡದ ಹಾನಿಯನ್ನು ಆ ಒಂದು ತಿರುವು ಮಾಡಿತು.

ಕಾರಿನ ಎಂಜಿನ್ ಗಾಳಿಯನ್ನು ಎಳೆದುಕೊಂಡು, ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಿದರೆ ಮಾತ್ರ ಓಡುತ್ತದೆ. ಗಾಳಿ ಹೋಗುವ ದಾರಿಯಲ್ಲಿ ನೀರು ಸೇರಿದ್ದರೆ ಪಿಸ್ಟನ್‌ಗೆ ಎದುರಾಗುವುದು ನೀರು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒತ್ತಡವೆಲ್ಲ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಮೇಲೆ ಬಿದ್ದು ಅದು ಬಾಗುತ್ತದೆ. ಕೆಲವೊಮ್ಮೆ ತುಂಡಾಗಿ ಎಂಜಿನ್ ಬ್ಲಾಕನ್ನೇ ಒಡೆದುಬಿಡುತ್ತದೆ. ಸ್ಟಾರ್ಟ್ ಮಾಡದೆ ಬಿಟ್ಟ ಗಾಡಿಗೆ ಏರ್ ಫಿಲ್ಟರ್, ಆಯಿಲ್, ಸೀಟು, ವಯರಿಂಗ್ ಎಂದು ಸಾವಿರಗಳಲ್ಲಿ ಮುಗಿಯಬಹುದಾಗಿದ್ದ ಖರ್ಚು, ಎಂಜಿನ್ ಬಿಚ್ಚುವ ಹೊತ್ತಿಗೆ ಲಕ್ಷದ ಮಾತಾಗುತ್ತದೆ. ವಾಚ್‌ಮನ್ ಮತ್ತು ನೆರೆಯವರನ್ನು ಕರೆದು ತಳ್ಳಿ ಸ್ಟಾರ್ಟ್ ಮಾಡಿಸುವುದೂ ಇದೇ ತಪ್ಪು. ಮಾಡಬೇಕಾದದ್ದು ಸರಳ: ಬ್ಯಾಟರಿಯ ನೆಗೆಟಿವ್ ತಂತಿ ಕಳಚುವುದು, ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದರ ಫೋಟೋ ತೆಗೆಯುವುದು, ವಿಮಾ ಕಂಪೆನಿಗೆ ತಿಳಿಸುವುದು, ಗಾಡಿಯನ್ನು ಎತ್ತಿಸಿಕೊಂಡು ಗ್ಯಾರೇಜಿಗೆ ಕಳುಹಿಸುವುದು. ಆಯಿಲ್ ನೋಡುವ ಕಡ್ಡಿಯನ್ನು ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ.

ರಸ್ತೆಯಲ್ಲಿ ಸಿಕ್ಕಿಬಿದ್ದಾಗಿನ ಮಾತು ಬೇರೆ. 2005ರಲ್ಲಿ ಕಾರಿನ ಬಾಗಿಲು, ಗಾಜು ತೆರೆಯಲಾಗದೆ ಒಳಗೇ ಉಸಿರುಗಟ್ಟಿ ಸತ್ತವರಿದ್ದಾರೆ. ಹಿಂದ್‌ಮಾತಾದಲ್ಲಾಗಲಿ, ಮಿಲನ್ ಸಬ್‌ವೇಯಲ್ಲಾಗಲಿ ನೀರು ಚಕ್ರದ ಅರ್ಧಕ್ಕೇರಿತೆಂದರೆ ಗಾಜು ಇಳಿಸಿ, ಮಕ್ಕಳು ಮರಿಗಳನ್ನು ಇಳಿಸಿಕೊಂಡು, ಕಾರನ್ನು ಅಲ್ಲೇ ಬಿಟ್ಟು ನಡೆಯಬೇಕು. ಕಾರಿಗೆ ವಿಮೆ ಇದೆ.

ವಿಮೆ ಇದೆಯೆಂಬ ಈ ಧೈರ್ಯದಲ್ಲೂ ಒಂದು ತೊಡಕಿದೆ. ನೆರೆಯಿಂದಾದ ಹಾನಿಗೆ ಸಾಮಾನ್ಯ ಪ್ಯಾಕೇಜ್ ಪಾಲಿಸಿ ಪರಿಹಾರ ಕೊಡುತ್ತದೆ. ಕೇವಲ ಥರ್ಡ್ ಪಾರ್ಟಿ ಪಾಲಿಸಿ ಕೊಡುವುದಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲೂ ಆನಂತರ ಉಂಟಾದ ಪರಿಣಾಮ ನಷ್ಟ ಮತ್ತು ಯಾಂತ್ರಿಕ ವೈಫಲ್ಯವನ್ನು ಹೊರಗಿಟ್ಟಿರುತ್ತಾರೆ. ನೀರು ನುಗ್ಗಿದ ಎಂಜಿನನ್ನು ಸ್ಟಾರ್ಟ್ ಮಾಡಿ ಕೆಡಿಸಿಕೊಂಡದ್ದನ್ನು ಕಂಪೆನಿಗಳು ಈ ಲೆಕ್ಕಕ್ಕೆ ಸೇರಿಸಿ ಕ್ಲೇಮ್ ನಿರಾಕರಿಸುವುದುಂಟು. ಎಂಜಿನ್ ರಕ್ಷಣೆ ಬೇಕಿದ್ದರೆ ಹೆಚ್ಚುವರಿ ಪ್ರೀಮಿಯಂ ತೆತ್ತು ಬೇರೆಯಾಗಿಯೇ ಪಡೆಯಬೇಕು, ಅದರ ಷರತ್ತುಗಳನ್ನೂ ಓದಬೇಕು. ಪಾಸ್‌ಬುಕ್ಕಿನಲ್ಲಿ ಎಂಟು ರೂಪಾಯಿ ಕಡಿತವಾದರೆ ಕೌಂಟರಿಗೆ ಬಂದು ಕೇಳುವ ನಮ್ಮ ಜನ, ಪಾಲಿಸಿಯ ಎರಡನೇ ಪುಟ ತಿರುವುವುದಿಲ್ಲ. ಸೀಟ್ ಕವರಿಗೂ ಮ್ಯೂಸಿಕ್ ಸಿಸ್ಟಮ್ಮಿಗೂ ಧಾರಾಳವಾಗಿ ಬಿಚ್ಚುವ ಕೈ ಇಲ್ಲಿ ಮಾತ್ರ ಬಿಗಿಯಾಗುತ್ತದೆ. ನವೀಕರಣದ ದಿನಾಂಕ ಮರೆತವರ ಕತೆಯೂ ಇದೆ: ಸತತ ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ ಶೇ. 50 ಬೋನಸ್, ಪಾಲಿಸಿ ಮುಗಿದು 90 ದಿನ ಕಳೆದರೆ ಪೂರ್ತಿ ಹೋಗುತ್ತದೆ.

ಮಳೆಯದ್ದು ಹೀಗಾದರೆ, ಬೇಸಗೆಯದ್ದು ಇನ್ನೊಂದು. ನಮ್ಮವರಲ್ಲಿ ಹೆಚ್ಚಿನವರು ವಾರವಿಡೀ ಲೋಕಲ್ ರೈಲಿನಲ್ಲಿ ಓಡಾಡುವವರು. ಕಾರು ಕವರ್ ಹೊದ್ದು ಸೊಸೈಟಿಯಲ್ಲಿ ನಿಂತಿರುತ್ತದೆ. ರವಿವಾರ ಒಂದು ಮುಂಜಿ, ಒಂದು ಮದುವೆ, ಇಲ್ಲವೇ ಸಂಘದ ವಾರ್ಷಿಕೋತ್ಸವ. ಹಾಗಿದ್ದ ಗಾಡಿಯನ್ನು ಮೇ ತಿಂಗಳಲ್ಲಿ ಒಮ್ಮೆಲೇ ಊರಿನ ದಾರಿಗೆ, ಮಂಗಳೂರಿನ ತನಕ ಸುಮಾರು 900 ಕಿಲೋಮೀಟರ್ ಓಡಿಸುತ್ತಾರೆ. ‘ಮೂರು ಸಾವಿರವೂ ಓಡಿಲ್ಲ, ಸರ್ವಿಸ್ ಯಾಕೆ?’ ಎಂಬ ಪ್ರಶ್ನೆ ಗ್ಯಾರೇಜಿನವರಿಗೆ ದಿನನಿತ್ಯದ್ದು. ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವನ್ನೂ ಬರೆದಿರುತ್ತಾರೆ, ಯಾವುದು ಮೊದಲೋ ಅದು. ನಿಂತ ಗಾಡಿಯ ಆಯಿಲ್ ಕೂಡ ಹಳತಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಹ್ಯಾಂಡ್ ಬ್ರೇಕ್ ಎಳೆದೇ ತಿಂಗಳುಗಟ್ಟಲೆ ಬಿಟ್ಟರೆ ಬ್ರೇಕ್ ಹಿಡಿದುಕೊಳ್ಳುತ್ತದೆ. ಮುಂಬಯಿಯ ಹೆಗ್ಗಣಗಳಿಗಂತೂ ಬಾನೆಟ್ಟಿನ ಒಳಗು ಬಾಡಿಗೆಯಿಲ್ಲದ ಖೋಲಿ. ಅವು ಕಡಿದ ವಯರಿಂಗ್ ಬದಲಿಸಿದವರಿಗೇ ಗೊತ್ತು ಅದರ ಬಿಲ್ಲು.

ಟಯರಿನ ವಿಷಯದಲ್ಲಿ ಮೋಸಹೋಗುವವರು ಹೆಚ್ಚು. ಗೀರು ಆಳವಾಗಿದೆ, ಹೊಸತರಂತೆ ಕಾಣುತ್ತದೆ ಎಂದು ಸಮಾಧಾನಪಡುತ್ತಾರೆ. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು: 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಓಡದಿದ್ದರೂ ರಬ್ಬರು ಗಡುಸಾಗಿ ಸಣ್ಣ ಬಿರುಕು ಬಿಡುತ್ತದೆ. ಅಂಥ ಟಯರು, ಕಡಿಮೆ ಗಾಳಿ, ಐದು ಜನ, ಮೇಲೆ ಊರಿಗೆ ಒಯ್ಯುವ ಗಂಟುಮೂಟೆ, ಬಿಸಿಲಿಗೆ ಕಾದ ಪುಣೆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟು. ಒಡೆದರೆ ಹೋಗುವುದು ಟಯರಿನ ಹಣವಷ್ಟೇ ಅಲ್ಲ.

ಘಾಟಿ ಏರುವಾಗ ಎಂಜಿನ್ ಶಾಖದ ಮುಳ್ಳು ಕೆಂಪಿಗೇರಿದರೆ ‘ಸಾತಾರಾ ತನಕ ಹೋಗಿ ನೋಡೋಣ’ ಎನ್ನುವುದೂ ದುಬಾರಿಯೇ. ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಹತ್ತು ನಿಮಿಷದ ಹಟಕ್ಕೆ ಹೆಡ್ ಗ್ಯಾಸ್ಕೆಟ್ ಸುಟ್ಟು ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಬಿಚ್ಚಿದರೆ ಕುದಿನೀರು ಮುಖಕ್ಕೇ ಸಿಡಿಯುತ್ತದೆ. ಹಣ ಉಳಿಸಲು ಕೂಲಂಟ್ ಬದಲು ನಳ್ಳಿ ನೀರನ್ನೇ ವರ್ಷಗಟ್ಟಲೆ ತುಂಬಿದ ಗಾಡಿಗಳಲ್ಲಿ ಒಳಗೆ ತುಕ್ಕು ಕಟ್ಟುವುದರಿಂದ ಈ ಪ್ರಸಂಗ ಬೇಗ ಬರುತ್ತದೆ.

ನಗರದ ಕನ್ನಡ ಸಂಘ-ಸಂಸ್ಥೆಗಳು ನೇತ್ರ ತಪಾಸಣೆ, ರಕ್ತದಾನ ಶಿಬಿರಗಳನ್ನು ಅಚ್ಚುಕಟ್ಟಾಗಿ ನಡೆಸುತ್ತಾ ಬಂದಿವೆ. ಸದಸ್ಯರಲ್ಲಿ ಗ್ಯಾರೇಜು ನಡೆಸುವವರೂ ವಿಮಾ ಏಜೆಂಟರೂ ಇರುತ್ತಾರೆ. ಎಪ್ರಿಲ್ ಕೊನೆಯ ಒಂದು ರವಿವಾರ, ಊರಿಗೆ ಹೊರಡುವ ಮೊದಲು, ಸಭಾಗೃಹದ ಅಂಗಳದಲ್ಲೇ ಎರಡು ಗಂಟೆಯ ಕಾರು ತಪಾಸಣೆ ಇಟ್ಟರೆ ಹಾರ-ಶಾಲುಗಳಿಗಿಂತ ಹೆಚ್ಚು ಖರ್ಚು ಬಾರದು. ಬರುವಾಗ ಪಾಲಿಸಿಯ ಪೂರ್ತಿ ಪ್ರತಿಯನ್ನು ತರಬೇಕೆಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಬೇಕು. ಹೆಚ್ಚಿನವರು ಅದನ್ನು ಮೊದಲ ಸಲ ಓದುವುದು ಅಂದೇ ಆಗಬಹುದು.