ಅಂತರ್ಜಾಲದ ಗಣಿತಪಾಠವೂ ನಮ್ಮ ಶಾಲೆಯ ಹೊಣೆಯೂ

ದತ್ತಾಂಶ ವಿಜ್ಞಾನವೆಂಬ ಹೊಸ ಶಾಸ್ತ್ರವು ಇಂದು ಬ್ಯಾಂಕು, ಆಸ್ಪತ್ರೆ, ಕೃಷಿ, ಹವಾಮಾನ ಮೊದಲಾದ ಕ್ಷೇತ್ರಗಳನ್ನೆಲ್ಲ ಪ್ರವೇಶಿಸಿದೆ. ನಮ್ಮ ತರುಣರಲ್ಲಿ ಅನೇಕರು ಅದರತ್ತ ಮುಖಮಾಡಿರುವುದು ಸಹಜವೇ ಆಗಿದೆ. ಆ ಶಾಸ್ತ್ರದ ಹೊಸ್ತಿಲು ರೇಖೀಯ ಬೀಜಗಣಿತ. ಅದನ್ನು ದಾಟದೆ ಒಳಗೆ ಕಾಲಿಟ್ಟವನಿಗೆ ಯಂತ್ರ ನಡೆಸುವುದು ಬಂದೀತು. ಯಂತ್ರ ಹೇಳಿದ್ದು ಸರಿಯೋ ತಪ್ಪೋ ಎಂಬುದು ತಿಳಿಯಲಾರದು.

ಈ ಗಣಿತವನ್ನು ಕಲಿಯಲು ಹಿಂದಿನಂತೆ ದೂರದ ವಿಶ್ವವಿದ್ಯಾಲಯದ ಮೆಟ್ಟಿಲೇರಬೇಕಾಗಿಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಪ್ರಾಧ್ಯಾಪಕ ಗಿಲ್ಬರ್ಟ್ ಸ್ಟ್ರಾಂಗ್ ಅವರು 1999ರಲ್ಲಿ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಮಾಡಿದ ಪಾಠಗಳೂ, 2018ರಲ್ಲಿ ದತ್ತಾಂಶ ವಿಶ್ಲೇಷಣೆಗಾಗಿ ಮಾಡಿದ ಪಾಠಗಳೂ ಲೋಕಕ್ಕೆಲ್ಲ ಉಚಿತವಾಗಿ ದೊರೆಯುತ್ತವೆ. ಆ ಹಿರಿಯರು 2023ರಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ, ನಿವೃತ್ತರಾದರು. ನಮ್ಮಲ್ಲಿಯೂ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಯೋಜನೆಯನ್ನು ಆರಂಭಿಸಿದವು. ಇದನ್ನು ಜ್ಞಾನದಾಸೋಹವೆಂದು ಕರೆಯಲು ಯಾರೂ ಹಿಂಜರಿಯಬೇಕಾಗಿಲ್ಲ.

ಆದರೆ ಬಡಿಸಿದ್ದೆಲ್ಲ ಉಂಡಂತಾಗುವುದಿಲ್ಲ. ಎಂ.ಐ.ಟಿ. ಮತ್ತು ಹಾರ್ವರ್ಡ್ ಸಂಸ್ಥೆಗಳ ಮುಕ್ತ ಅಂತರ್ಜಾಲ ಪಾಠಗಳನ್ನು ಕುರಿತು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ, 2017-18ರಲ್ಲಿ ಸೇರಿದವರ ಪೈಕಿ ಪಾಠ ಪೂರೈಸಿದವರು ನೂರಕ್ಕೆ ಸುಮಾರು 3 ಮಂದಿ ಮಾತ್ರ. ಸೇರಿದವರೆಲ್ಲರಿಗೂ ಮುಗಿಸುವ ಉದ್ದೇಶವಿರಲಿಲ್ಲವೆಂದು ಒಪ್ಪಿದರೂ ಈ ಅಂಕಿ ಶಿಕ್ಷಕನನ್ನು ಚಿಂತೆಗೀಡುಮಾಡತಕ್ಕದ್ದು. ಪರದೆಯ ಮೇಲೆ ಗುರುವು ಲೆಕ್ಕ ಬಿಡಿಸುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ಹಾಳೆಯ ಮುಂದೆ ತಾನೇ ಕುಳಿತಾಗ ಮೊದಲ ಹೆಜ್ಜೆಯೂ ಹೊಳೆಯುವುದಿಲ್ಲ. ಆಗ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಈ ವಿದ್ಯೆ ನಮಗೆ ಪರಕೀಯವೆಂಬ ಅಳುಕೂ ಬೇಡ. ಕ್ರಿ.ಶ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಒಂದು ಲೆಕ್ಕವನ್ನಿತ್ತಿದ್ದಾನೆ: 9 ಮಾದಳ ಹಣ್ಣು, 7 ಬೇಲದ ಹಣ್ಣುಗಳ ಒಟ್ಟು ಬೆಲೆ 107, 7 ಮಾದಳ, 9 ಬೇಲಗಳ ಬೆಲೆ 101, ಒಂದೊಂದರ ಬೆಲೆಯೆಷ್ಟು? ಮಾದಳಕ್ಕೆ 8, ಬೇಲಕ್ಕೆ 5 ಎಂದು ಹತ್ತನೆಯ ತರಗತಿಯ ಮಗುವೂ ಬಿಡಿಸಬಲ್ಲದು. ಇನ್ನು ಮೂರನೆಯ ಗಿರಾಕಿಯೊಬ್ಬ 18 ಮಾದಳ, 14 ಬೇಲಗಳಿಗೆ 214 ಕೊಟ್ಟೆನೆಂದರೆ ನಮಗೆ ಹೊಸದಾಗಿ ತಿಳಿದದ್ದೇನು? ಏನೂ ಇಲ್ಲ, ಅದು ಮೊದಲನೆಯದರ ಇಮ್ಮಡಿ. 215 ಎಂದನಾದರೆ ಲೆಕ್ಕವೇ ಹೊಂದಿಕೆಯಾಗದು.

ದತ್ತಾಂಶ ವಿಜ್ಞಾನದ ಒಂದು ದೊಡ್ಡ ವಿವೇಕ ಇಷ್ಟರಲ್ಲೇ ಅಡಗಿದೆ. ಶಾಲೆಯ ಅಂಕಪಟ್ಟಿಯನ್ನೇ ನೋಡೋಣ: ವಿದ್ಯಾರ್ಥಿಗಳು ಅಡ್ಡಸಾಲು, ಆರು ವಿಷಯಗಳು ಕಂಬಸಾಲು; ಅದೊಂದು ಮಾತೃಕೆ. 'ಒಟ್ಟು ಅಂಕ' ಎಂಬ ಏಳನೆಯ ಕಂಬಸಾಲನ್ನು ಸೇರಿಸಿದರೆ ಪಟ್ಟಿ ಹಿಗ್ಗಿತೇ ಹೊರತು ತಿಳಿವು ಹಿಗ್ಗಲಿಲ್ಲ. ಈ ಏಳನ್ನೂ ಯಂತ್ರಕ್ಕೆ ಉಣಿಸಿ ಯಾವುದರ ಪ್ರಭಾವ ಎಷ್ಟೆಂದು ಕೇಳಿದರೆ ಅದಕ್ಕೆ ಒಂದೇ ಖಚಿತ ಉತ್ತರವಿರುವುದಿಲ್ಲ. ಆದರೂ ಯಂತ್ರವು ಏನೋ ಅಂಕಿಗಳನ್ನು ಮುದ್ರಿಸಿ ಕೊಡಬಹುದು. ಕೈಯಾರೆ ಸಮೀಕರಣ ಬಿಡಿಸಿದವನು ಅಲ್ಲಿ ತಡೆದು ನಿಲ್ಲುತ್ತಾನೆ. ಬರಿಗಣ್ಣಿನಿಂದ ಪಾಠ ನೋಡಿದವನು ನಂಬಿ ಮುಂದೆ ಹೋಗುತ್ತಾನೆ. ಸಾಲಗಾರನ ಯೋಗ್ಯತೆಯನ್ನೂ ರೋಗಿಯ ಸ್ಥಿತಿಯನ್ನೂ ಇಂಥ ಲೆಕ್ಕಗಳಿಂದ ಅಳೆಯುತ್ತಿರುವ ಈ ಕಾಲದಲ್ಲಿ ಆ ವ್ಯತ್ಯಾಸವು ಅಲ್ಪವಾದುದಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ವಿದ್ಯಾಸಂಸ್ಥೆಗೆ ದಾನವೆಂದೊಡನೆ ಗಣಕಯಂತ್ರಗಳನ್ನು ಕೊಳ್ಳುವ ಆಲೋಚನೆ ಮೊದಲು ಬರುತ್ತದೆ. ಅವು ಬೇಕು, ಆದರೆ ಅವುಗಳ ಮುಂದೆ ಮಕ್ಕಳನ್ನು ಒಂಟಿಯಾಗಿ ಕೂರಿಸಿದರೆ ಆ ನೂರರಲ್ಲಿ ಮೂವರ ಕಥೆಯೇ ಮರುಕಳಿಸೀತು. ವಾರಕ್ಕೊಂದು ಸಂಜೆ, ಹಿರಿಯ ತರಗತಿಯವರಿಗೂ ಕಾಲೇಜು ಸೇರಿದ ಹಳೆಯ ವಿದ್ಯಾರ್ಥಿಗಳಿಗೂ ತೆರೆದ ಒಂದು ಗಣಿತಗೋಷ್ಠಿ ನಡೆಯಲಿ. ಅಲ್ಲಿ ಅಂತರ್ಜಾಲದ ಪಾಠವೊಂದನ್ನು ಕೂಡಿ ನೋಡಿ, ನಿಲ್ಲಿಸಿ, ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳಿ, ಲೆಕ್ಕವನ್ನು ಕೈಯಿಂದ ಬಿಡಿಸಿ, ಸಂಶಯವನ್ನು ನಿಸ್ಸಂಕೋಚವಾಗಿ ಕೇಳಲಿ. ಆ ಶಿಕ್ಷಕರ ಹೆಚ್ಚಿನ ವೇಳೆಗೆ ತಕ್ಕ ಗೌರವಧನವನ್ನು ದಾನಿಗಳು ವಹಿಸಿಕೊಳ್ಳಲಿ. ಈ ಕ್ಷೇತ್ರದಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಬಂದು ತಮ್ಮ ಕಾಯಕದಲ್ಲಿ ಎದುರಾದ ನಿಜವಾದ ಲೆಕ್ಕವೊಂದನ್ನು ಮುಂದಿಡಲಿ.

ಪ್ರಶ್ನೋತ್ತರದಿಂದ ಅರಿವನ್ನು ಹರಿತಗೊಳಿಸುವುದು ಅನುಭವ ಮಂಟಪದ ಪರಂಪರೆ. ಪಂಕ್ತಿಯಲ್ಲಿ ಕುಳಿತು ಉಣ್ಣುವುದು ದಾಸೋಹದ ರೀತಿ. ದೂರದವರು ಬಡಿಸಿದ ಈ ಜ್ಞಾನಕ್ಕೆ ಪಂಕ್ತಿಯನ್ನು ಹಾಕುವ ಕೆಲಸ ನಮ್ಮ ಶಾಲೆಯದು. ಮುಂದಿನ ಶೈಕ್ಷಣಿಕ ವರ್ಷದಿಂದಲೇ ಅದು ಆರಂಭವಾಗಲೆಂದು ಆಡಳಿತ ಮಂಡಳಿಯಲ್ಲಿಯೂ ಉದಾರ ದಾನಿಗಳಲ್ಲಿಯೂ ವಿನಂತಿಸುತ್ತೇನೆ.